ಕಂಚುಗಾರ ಫರ್ಗಸ್‌ನ ಹೊಟ್ಟೆಕಿಚ್ಚು

ನನ್ನ ಗಂಡ ಫರ್ಗಸ್ ಟೊರೆನ್ಸ್ ಜೀವಮಾನವಿಡೀ ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟ. ಇಂಥವನೊಬ್ಬ ಭೂಮಿಯ ಮೇಲೆ ಹುಟ್ಟಿದ್ದಾನೆ ಎಂಬುದೂ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅವನು ಬೆಟ್ಟದಾಚೆ ಫಿಲಡೆಲ್ಫಿಯಾದಲ್ಲಿ ಕೂತು ಹೊಸ ದೇಶದ ಖಜಾನೆ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ. ಇವನು ಬೆಟ್ಟದೀಚೆ ಸಾರೆಲ್ ಹಳ್ಳದ ದಂಡೆಯಲ್ಲಿ ವಿಸ್ಕಿ ಭಟ್ಟಿಗಳಿಗೆ ತಾಮ್ರದ ಹಂಡೆ ಬಡಿಯುತ್ತಿದ್ದ ಕಂಚುಗಾರ. ಆ ದೊಡ್ಡವನ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಎತ್ತಿದರೆ ಗಂಜಿ ಬಟ್ಟಲು ಗೋಡೆಗೆ ಹೋಗುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಖಜಾನೆಯವ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಅನ್ನುತ್ತೇನೆ, ನಾಲಿಗೆಗೆ ಅದೇ ರೂಢಿಯಾಗಿದೆ.

ಹೊಟ್ಟೆಕಿಚ್ಚಿಗೂ ಒಂದು ಅಳತೆ ಬೇಕು. ಪಕ್ಕದವಳ ಹಸು ಒಂದು ಪಾವು ಹೆಚ್ಚು ಹಾಲು ಕರೆದರೆ ನನಗೂ ಉರಿಯುತ್ತದೆ, ಸಂಜೆಯೊಳಗೆ ಆರುತ್ತದೆ. ಫರ್ಗಸ್‌ನದು ಆರುವ ಜಾತಿಯದಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಇಬ್ಬರೂ ಒಂದೇ ವಯಸ್ಸಿನವರಂತೆ, ಒಂದೇ ವರ್ಷ ಹಡಗಿಳಿದು ಈ ದೇಶಕ್ಕೆ ಕಾಲಿಟ್ಟವರಂತೆ. ಇವನು ಅಲ್ಸ್ಟರಿನಿಂದ ಬಂದ, ಅವನು ಕಬ್ಬು ಬೆಳೆಯುವ ಯಾವುದೋ ದ್ವೀಪದಿಂದ ಬಂದ.

"ಅವನಿಗೆ ಅಪ್ಪನ ಹೆಸರು ಹೇಳ್ಕೊಳ್ಳೋಕೂ ಬಾಯಿರ್ಲಿಲ್ಲ, ಜೇಬಲ್ಲಿ ಕಾಸಿರ್ಲಿಲ್ಲ," ಎನ್ನುತ್ತಿದ್ದ ಫರ್ಗಸ್. "ಕಾಸು ನಂಗೂ ಇರ್ಲಿಲ್ಲ. ಆದ್ರೆ ಅಪ್ಪ ಇದ್ದ ಕಣೇ ಟಿಬ್ಬಿ! ನ್ಯಾಯವಾಗಿ ನಾನೇ ಒಂದು ಹೆಜ್ಜೆ ಮುಂದಿರ್ಬೇಕಿತ್ತು."

"ಅವನು ಕಾಲೇಜಿಗೆ ಹೋದ. ನೀನು ಸುತ್ತಿಗೆ ಹಿಡಿದೆ."

"ಸುತ್ತಿಗೆ ಹಿಡಿ ಅಂದೋರು ಯಾರು? ಅಪ್ಪ! ಅಪ್ಪ ಇಲ್ದಿದ್ರೆ ನಾನೂ ಉದ್ಧಾರ ಆಗ್ತಿದ್ದೆ."

ಯುದ್ಧದಲ್ಲೂ ಹೀಗೇ ಆಯಿತು. ಇಬ್ಬರೂ ಒಂದೇ ಸೈನ್ಯದಲ್ಲಿದ್ದರು. ಯಾರ್ಕ್‌ಟೌನಿನಲ್ಲಿ ಖಜಾನೆಯವ, ಆಗ ಅವನು ಎಳೆಯ ಕರ್ನಲ್, ಇಂಗ್ಲಿಷರ ಮಣ್ಣಿನ ಕೋಟೆಯನ್ನು ಹಾರಿ ಒಳಗೆ ನುಗ್ಗಿ ಹೆಸರು ಮಾಡಿದ. ಅದೇ ಹೊತ್ತಿಗೆ ಫರ್ಗಸ್ ಹಿಂದಿನ ಸಾಲಿನಲ್ಲಿ ಕೂತು ಸಾರಿನ ಕೊಳಗಕ್ಕೆ ತಳ ಬೆಸೆಯುತ್ತಿದ್ದ. "ಆ ಕೊಳಗದ ಸಾರು ಕುಡಿದೇ ತಾನೇ ಅವನಿಗೆ ಹಾರೋ ಶಕ್ತಿ ಬಂದದ್ದು?" ಎಂದು ನೂರು ಸಲ ಕೇಳಿದ್ದಾನೆ. ಖಜಾನೆಯವ ವಕೀಲನಾದ ಸುದ್ದಿ ಬಂದಾಗ ಇವನು ಎರಡು ದಿನ ಮಾತಾಡಲಿಲ್ಲ. ಅವನು ಸಿರಿವಂತ ಜನರಲ್ ಒಬ್ಬನ ಮಗಳನ್ನು ಮದುವೆಯಾದ ಸುದ್ದಿ ತಿಳಿದಾಗ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟ. ನಾನು ತವರಿಂದ ತಂದದ್ದು ಎರಡು ಹಸು. ಖಜಾನೆ ಅವನ ಕೈಗೆ ಬಂತು ಎಂದು ಕೇಳಿದ ದಿನ ಹಂಡೆಯೊಂದನ್ನು ಬಡಿದು ಬಡಿದು ತೂತು ಮಾಡಿದ.

ನಮ್ಮ ಮದುವೆಯ ವಿಷಯವನ್ನೂ ಹೇಳಬೇಕು. ನನ್ನನ್ನು ಒಂದೇ ವಾರದಲ್ಲಿ ಇಬ್ಬರು ಕೇಳಿದ್ದರು. ಗ್ಯಾವಿನ್ ಪರ್ಡಿ ಬಂದು ನಮ್ಮ ಒಲೆಯ ಮುಂದೆ ಪಿಟೀಲು ನುಡಿಸಿದ. ಫರ್ಗಸ್ ಬಂದು ತಾನೇ ಮಾಡಿದ ತಾಮ್ರದ ಕೆಟಲ್ ಕೊಟ್ಟ. ಅಪ್ಪ ಕೆಟಲ್ ಇಟ್ಟುಕೊಂಡ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ನಾನೂ ಕೆಟಲ್ ಎಂದೇ ಹೇಳುತ್ತಿದ್ದೆ, ಅದು ಅಷ್ಟು ಚೆನ್ನಾಗಿತ್ತು. ಇಬ್ಬರದೂ ಅಕ್ಕಪಕ್ಕದ ಜಮೀನು, ಆಮೇಲೆ ಬೇಲಿ ಜಗಳ ಬರುತ್ತದೆ, ಗ್ಯಾವಿನ್ ಕೇಳಿದ್ದನ್ನು ಫರ್ಗಸ್‌ಗೆ ಹೇಳಬೇಡ ಎಂದು ಅಪ್ಪ ತಾಕೀತು ಮಾಡಿದ. ನಾನು ಹೇಳಲಿಲ್ಲ.

ಹೇಳದಿದ್ದರೂ ಫರ್ಗಸ್ ಗ್ಯಾವಿನ್‌ನನ್ನು ಕಂಡರೆ ಉರಿದುಬೀಳುತ್ತಿದ್ದ. ಫಿಲಡೆಲ್ಫಿಯಾ ದೂರ, ದಿನನಿತ್ಯದ ಬಳಕೆಗೆ ಹತ್ತಿರದ್ದೊಂದು ಹೊಟ್ಟೆಕಿಚ್ಚು ಬೇಕಲ್ಲ. ಗ್ಯಾವಿನ್ ಇಳಿಸುವ ವಿಸ್ಕಿಯನ್ನು ಹಳ್ಳದವರೆಲ್ಲ ಹೊಗಳುತ್ತಿದ್ದರು, ಆ ಭಟ್ಟಿಯ ಹಂಡೆ ಮಾತ್ರ ಫರ್ಗಸ್ ಮಾಡಿದ್ದು. "ಹಂಡೆ ನಂದು, ಹೆಸರು ಅವನದು," ಎಂದು ಗೊಣಗುತ್ತಿದ್ದ. ಗ್ಯಾವಿನ್ ನಗಿಸುತ್ತಿದ್ದ, ಕುಣಿಯುತ್ತಿದ್ದ, ಗುರಿಯಿಟ್ಟು ಹೊಡೆಯುತ್ತಿದ್ದ. ಮದುವೆ ಮಾತ್ರ ಆಗಲಿಲ್ಲ. "ಇವನನ್ನ ಯಾವಳು ಕಟ್ಕೋತಾಳೆ?" ಎಂದು ಫರ್ಗಸ್ ಆ ಒಂದು ವಿಷಯದಲ್ಲಿ ಸಮಾಧಾನ ಪಟ್ಟುಕೊಳ್ಳುತ್ತಿದ್ದ. ನಾನು ಸೌಟು ತಿರುಗಿಸುತ್ತಿದ್ದೆ.

ಹೀಗಿರುವಾಗ ಖಜಾನೆಯವ ವಿಸ್ಕಿಯ ಮೇಲೆ ತೆರಿಗೆ ಹಾಕಿದ. ನಮ್ಮ ಕಡೆ ವಿಸ್ಕಿಯೇ ದುಡ್ಡು. ರೈ ಧಾನ್ಯದ ಚೀಲ ಹೊರಿಸಿ ಕುದುರೆಯನ್ನು ಬೆಟ್ಟ ದಾಟಿಸಿದರೆ ಅದರ ಮೇವಿಗೂ ಗಿಟ್ಟುವುದಿಲ್ಲ, ಭಟ್ಟಿ ಇಳಿಸಿ ಒಯ್ದರೆ ಉಪ್ಪು ಕಬ್ಬಿಣ ಬರುತ್ತದೆ. ಪಾದ್ರಿಯ ಸಂಬಳವನ್ನೂ ಪೀಪಾಯಿಯಲ್ಲೇ ಕೊಡುತ್ತಿದ್ದೆವು. ಅದರ ಮೇಲೆ ತೆರಿಗೆ, ಅದೂ ನಗದಾಗಿ. ಊರೆಲ್ಲ ಹಲ್ಲು ಕಡಿಯಿತು. ನನ್ನ ಗಂಡನೊಬ್ಬನ ಮುಖ ಮಾತ್ರ ಅರಳಿತು.

"ನೋಡ್ದಾ? ಕೊನೆಗೂ ನನ್ನನ್ನ ಹುಡುಕ್ಕೊಂಡು ಬಂದ!"

"ಯಾರು?"

"ಅವನೇ. ಭಟ್ಟಿ ಮೇಲೆ ತೆರಿಗೆ ಅಂದ್ರೆ ನನ್ನ ಹಂಡೆ ಮೇಲೆ ತೆರಿಗೆ. ನನ್ನ ಹಂಡೆ ಮೇಲೆ ಅಂದ್ರೆ ನನ್ನ ಮೇಲೆ. ಅವನಿಗೆ ನಾನು ಇರೋದು ಗೊತ್ತಾಗಿದೆ ಕಣೇ."

ಎರಡು ಮೂರು ವರ್ಷ ಹೀಗೇ ಹೋಯಿತು. ಒಂದು ಬೇಸಿಗೆಯಲ್ಲಿ ಮರಗಳಿಗೆ ಚೀಟಿ ಹೊಡೆಯುವವನೊಬ್ಬ ಹುಟ್ಟಿಕೊಂಡ. ತೆರಿಗೆ ಕಟ್ಟಿದವನ ಭಟ್ಟಿಗೆ ಬಂದು ಕಲಾಯಿ ಹಾಕುತ್ತೇನೆ ಎಂದು ಬರೆದು ಕೆಳಗೆ ಕಲಾಯಿಗಾರ ಟಾಮ್ ಎಂದು ಹೆಸರು ಹಾಕುತ್ತಿದ್ದ. ತೆರಿಗೆ ಕಟ್ಟಿದವರು ಬೆಳಿಗ್ಗೆ ಎದ್ದು ನೋಡಿದರೆ ಹಂಡೆಯ ತುಂಬ ಗುಂಡಿನ ತೂತು. ಟಾಮ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವನ ಮೇಲೆ ಪ್ರೀತಿ. ತೂತಾದ ಹಂಡೆಗಳು ರಿಪೇರಿಗೆ ಫರ್ಗಸ್ ಸುತ್ತಿಗೆ ಬಡಿಯುತ್ತಿದ್ದ ನಮ್ಮ ಕೊಟ್ಟಿಗೆಗೇ ಬರುತ್ತಿದ್ದವು. ಫರ್ಗಸ್ ಒಂದೊಂದು ತೂತಿಗೂ ಬೆರಳು ಹಾಕಿ ನೋಡಿ, ಮಗುವಿಗೆ ಗಾಯವಾದವನ ಹಾಗೆ ತ್ಚು ತ್ಚು ಎನ್ನುತ್ತಿದ್ದ.

ರೈ ಕೊಯ್ಲಿನ ದಿನ ಎಲ್ಲರೂ ಸೇರಿದ್ದೆವು. ಜಾಡಿ ಕೈಯಿಂದ ಕೈಗೆ ಹೋಗುತ್ತಿತ್ತು. ಮುದುಕನೊಬ್ಬ ಜಾಡಿ ಎತ್ತಿ, "ಟಾಮ್‌ಗೆ ಒಳ್ಳೇದಾಗ್ಲಿ! ಅವನು ಇಲ್ಲೇ ಎಲ್ಲೋ ಕೂತಿರ್ಬೇಕು," ಎಂದ. ಎಲ್ಲರ ಕಣ್ಣೂ ಗ್ಯಾವಿನ್ ಕಡೆ ತಿರುಗಿತು. ಗ್ಯಾವಿನ್ ಹುಲ್ಲುಕಡ್ಡಿ ಕಚ್ಚಿಕೊಂಡು ಆಕಾಶ ನೋಡಿದ. ನನ್ನ ಗಂಡನ ಕಿವಿ ಕೆಂಪಾದದ್ದನ್ನು ನಾನು ಈ ತುದಿಯಿಂದ ಕಂಡೆ. ಇನ್ನೇನು ಕಾದಿದೆಯೋ ಅಂದುಕೊಂಡೆ.

"ಕಲಾಯಿ ಹಾಕೋಕೆ ಬಾರ್ದೋನು ಕಲಾಯಿಗಾರ ಹೇಗಾಗ್ತಾನ್ರೋ?" ಎಂದ ಫರ್ಗಸ್. ಹೇಳಿ ಒಂದು ನಗೆ ನಕ್ಕ, ಬೆಕ್ಕು ಹಾಲು ಕುಡಿದ ಮೇಲೆ ನಗುವಂಥ ನಗೆ.

"ಲೋ ಫರ್ಗಸ್! ನೀನೇನೋ ಅದು?" ಎಂದ ಮುದುಕ.

"ನಾನು ಹಾಗಂದ್ನಾ?"

ಅಷ್ಟು ಸಾಕಾಯಿತು. ವಾರದೊಳಗೆ ಹಗಲು ಹಂಡೆ ಮಾಡುವವನೂ ಫರ್ಗಸ್, ರಾತ್ರಿ ತೂತು ಹಾಕುವವನೂ ಫರ್ಗಸ್ ಎಂದಾಯಿತು. ಎಂದೂ ಇಲ್ಲದ ನಮಸ್ಕಾರಗಳು ಬಂದವು. ಪ್ರಾರ್ಥನಾ ಮಂದಿರದಲ್ಲಿ ಬೆಂಚು ಬಿಟ್ಟುಕೊಟ್ಟರು. ಇವನು ಬಂದೂಕು ಹೆಗಲಿಗೇರಿಸಿ ಓಡಾಡತೊಡಗಿದ, ಅದರಲ್ಲಿ ಮದ್ದು ಇರಲಿಲ್ಲ. ಆ ಬೇಸಿಗೆಯ ಪ್ರತಿ ರಾತ್ರಿಯೂ ಟಾಮ್ ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ ಎಂದು ಯಾರಿಗೆ ಹೇಳಲಿ?

"ಬೇಡ ಕಣೋ," ಎಂದೆ. "ಮಾಡದೇ ಇರೋ ಕೆಲಸಕ್ಕೆ ಕುತ್ತಿಗೆ ಕೊಡ್ತೀಯಾ."

"ಜೀವನದಲ್ಲಿ ಒಂದ್ಸಲ ಗ್ಯಾವಿನ್ ನನ್ನನ್ನ ನೋಡಿ ಸುಮ್ಮನಾಗಿದಾನೆ. ಅದನ್ನೂ ಕಿತ್ಕೋತೀಯಾ?"

ಅಷ್ಟರಲ್ಲಿ ತೆರಿಗೆಯ ಜಗಳ ಕೈಮೀರಿತು. ತೆರಿಗೆ ಅಧಿಕಾರಿಯೊಬ್ಬನ ಮನೆ ಸುಟ್ಟರು, ಜನ ಸತ್ತರು, ಸರ್ಕಾರ ಸೈನ್ಯ ಕೂಡಿಸಿತು. ಖಜಾನೆಯವನೇ ಕುದುರೆಯೇರಿ ಆ ಸೈನ್ಯದ ಜೊತೆ ಬರುತ್ತಾನಂತೆ ಎಂದು ಸುದ್ದಿ. ಅದಕ್ಕೂ ಮೊದಲು ಒಂದು ಅವಕಾಶ ಕೊಟ್ಟರು: ಇಂಥ ದಿನ ಮಂದಿರಕ್ಕೆ ಬಂದು ಕಾನೂನಿಗೆ ತಲೆಬಾಗುತ್ತೇನೆ ಎಂದು ಸಹಿ ಹಾಕಿದವರ ಹಿಂದಿನ ತಪ್ಪೆಲ್ಲ ಮಾಫಿ. ಹಾಕದವರ ಗತಿ ಹಾಕದವರಿಗೆ.

ನಾನು ಫರ್ಗಸ್‌ನನ್ನು ಬೆನ್ನಿಗೆ ಕೈಕೊಟ್ಟು ತಳ್ಳಿಕೊಂಡೇ ಹೋದೆ. ಮಂದಿರದ ಮುಂದೆ ಮೇಜು, ಮೇಜಿನ ಹಿಂದೆ ಪಾದ್ರಿ. ನಮ್ಮ ಮುಂದೆ ಇದ್ದವನು ಗ್ಯಾವಿನ್. ಅವನು ಕಾಗದದ ಅರ್ಧ ತುಂಬುವಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಪೆನ್ನು ಚಾಚಿದ. ಫರ್ಗಸ್ ಪೆನ್ನು ತೆಗೆದುಕೊಂಡ, ಬಗ್ಗಿದ, ಮೇಲಿನ ಹೆಸರು ನೋಡಿದ, ನೆಟ್ಟಗಾದ.

"ಇವನ ಹೆಸರಿನ ಕೆಳಗೆ ನನ್ನ ಹೆಸರಾ?"

"ಯಾಕೋ," ಎಂದ ಗ್ಯಾವಿನ್ ನಗುತ್ತ, "ಬಾ, ನೆರಳಿದೆ, ತಂಪಾಗಿರುತ್ತೆ."

ಪಾದ್ರಿ ಗಾಬರಿಯಾಗಿ, "ಫರ್ಗಸ್, ಪಕ್ಕದಲ್ಲಿ ಜಾಗ ಇದೆ, ಬೇಕಾದ್ರೆ ಮೇಲೆ ಬರಿಯಪ್ಪ, ಸಂದೀಲಿ ಬರಿ," ಎಂದರು.

"ಸಂದೀಲಿ ಇಲೀನ ಬರೆಸಿ," ಎಂದು ಪೆನ್ನು ಮೇಜಿನ ಮೇಲಿಟ್ಟ. "ನಾನು ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ." ಜನ ಹೋ ಎಂದರು. ಮಾಡಿದ್ದು ಏನೂ ಇಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳು. ಮಾಡಿದವರೆಲ್ಲ ಸಹಿ ಹಾಕಿ ಮನೆಗೆ ಹೋಗಿ ಉಂಡರು. ಏನೂ ಮಾಡದ ನನ್ನ ಗಂಡ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ. ದಾರಿಯುದ್ದ ನಾನು ಅತ್ತೆ, ಅವನು ಸಿಳ್ಳೆ ಹಾಕಿದ.

ನವೆಂಬರಿನ ಮಳೆಯ ಜೊತೆ ಸೈನ್ಯ ಬಂತು. ಒಂದು ಬೆಳಿಗ್ಗೆ ನಾಲ್ವರು ಸವಾರರು ಕೊಟ್ಟಿಗೆಯ ಮುಂದೆ ನಿಂತು, ಕಲಾಯಿಗಾರ ಟಾಮ್ ಯಾರು ಎಂದು ಕೇಳಿದರು. ಫರ್ಗಸ್ ಕೈ ಒರೆಸಿಕೊಂಡು, ಭಾನುವಾರದ ಕೋಟು ಹಾಕಿಕೊಳ್ಳಲು ಅಪ್ಪಣೆ ಕೇಳಿದ. ನಾನು ಅಳುತ್ತಲೇ ಗುಂಡಿ ಹಾಕಿಕೊಟ್ಟೆ.

"ಅಳ್ಬೇಡ್ವೇ. ಅವನೆದುರು ನಿಲ್ಲಿಸ್ತಾರೆ. ಇಪ್ಪತ್ತು ವರ್ಷ ಆದ್ಮೇಲೆ ಅವನು ನನ್ನ ಮುಖ ನೋಡ್ಲೇಬೇಕು."

"ನೋಡ್ತಾನೆ. ನೀನು ಹಗ್ಗದಲ್ಲಿ ನೇತಾಡ್ವಾಗ ಕೆಳಗಿಂದ ನೋಡ್ತಾನೆ."

"ಹೇಗಾದ್ರೂ ಸರಿ, ನೋಡಿದ್ರೆ ಸಾಕು," ಎಂದ. ಆಗ ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹನ್ನೆರಡು ವರ್ಷ ಅವನ ಮುಖ ನೋಡಿಕೊಂಡು ಬಂದವಳು ನಾನಿದ್ದೆ. ಅದು ಲೆಕ್ಕಕ್ಕೇ ಇಲ್ಲ.

ಅವರು ಕಣ್ಮರೆಯಾದ ಕೂಡಲೇ ನಾನು ಬೇಲಿ ದಾಟಿ ಗ್ಯಾವಿನ್ ಮನೆಗೆ ಓಡಿದೆ. ಅವನು ಸೌದೆ ಸೀಳುತ್ತಿದ್ದ.

"ಗ್ಯಾವಿನ್, ಟಾಮ್ ನೀನೇನಾ?"

"ಯಾಕೆ?"

"ಆಗಿದ್ರೆ ಹೋಗಿ ಹೇಳು. ಆಗಿಲ್ದಿದ್ರೂ ಹೋಗಿ ಹೇಳು. ನಿಂಗೆ ಮಾಫಿ ಸಿಕ್ಕಿದೆ, ಅವನಿಗೆ ನೇಣು ಸಿಗುತ್ತೆ."

"ಆ ಮಹಾರಾಯ ನನ್ನ ಹೆಸರಿನ ಕೆಳಗೆ ಸಹಿ ಹಾಕ್ಲಿಲ್ಲ. ನನ್ನ ಮಾತಿನಿಂದ ತಲೆ ಉಳಿಸ್ಕೋತಾನಾ?"

"ಅವನನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ."

ಅವನು ಕೊಡಲಿಯನ್ನು ದಿಮ್ಮಿಗೆ ಹೊಡೆದು ಬಿಟ್ಟ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಊರೆಲ್ಲ ಫರ್ಗಸ್‌ನ ಹೊಟ್ಟೆಕಿಚ್ಚು ನೋಡಿ ನಗುತ್ತೆ ಟಿಬ್ಬಿ. ನಂದು ಯಾರಿಗೂ ಗೊತ್ತಾಗ್ಲಿಲ್ಲ. ನಿಮ್ಮನೆ ಹೊಗೆ ಏಳೋದನ್ನ ನೋಡ್ಕೊಂಡು ಇಷ್ಟು ವರ್ಷ ಒಬ್ನೇ ಗಂಜಿ ಕುಡಿದೆ. ಅವನ ಮೇಲೆ ನಾನು ಪಟ್ಟಷ್ಟು ಹೊಟ್ಟೆಕಿಚ್ಚು ಅವನು ಆ ಖಜಾನೆಯವನ ಮೇಲೂ ಪಟ್ಟಿರ್ಲಿಕ್ಕಿಲ್ಲ. ನಿಲ್ಲು, ಟೋಪಿ ತಗೊಂಡು ಬರ್ತೀನಿ."

ಇಬ್ಬರೂ ಒಂದೇ ಕುದುರೆಯ ಮೇಲೆ, ಮಳೆಯಲ್ಲಿ, ಎರಡು ಹಳ್ಳ ದಾಟಿ ಹೋದೆವು.

ಸೈನ್ಯದವರು ಕಾಳು ತುಂಬುವ ಹಗೇವಿನಂಥ ಒಂದು ಕತ್ತಲ ಕೊಟ್ಟಿಗೆಯಲ್ಲಿ ಜನರನ್ನು ಕೂಡಿಹಾಕಿದ್ದರು. ಖಜಾನೆಯವ ಅಲ್ಲಿರಲಿಲ್ಲ, ಬೇರೆ ಊರಿಗೆ ಹೋಗಿದ್ದನಂತೆ. ವಿಚಾರಣೆ ಮಾಡುತ್ತಿದ್ದವನು ನೆಗಡಿ ಹಿಡಿದ ಒಬ್ಬ ಎಳೆ ಕ್ಯಾಪ್ಟನ್. ಅಂಗಳದಲ್ಲಿ ನಿಂತಿದ್ದ ಫರ್ಗಸ್‌ಗೆ ಆ ಅವಮಾನವೇ ಸಾಕಾಗಿತ್ತು. ಅದರ ಮೇಲೆ ನಾನು ಗ್ಯಾವಿನ್‌ನ ಬೆನ್ನಿಗೆ ಕೂತು ಬಂದದ್ದನ್ನು ಕಂಡ.

"ಸಾರ್," ಎಂದ ಗ್ಯಾವಿನ್, "ಟಾಮ್ ನಾನು. ಸಹಿ ಹಾಕಿದೀನಿ, ಮಾಫಿ ಆಗಿದೆ. ಇವನು ಬರೀ ಕಂಚುಗಾರ."

"ಸುಳ್ಳು!" ಫರ್ಗಸ್ ಕೂಗಿದ. "ಸಾರ್, ಇವನು ಹುಟ್ಟಾ ಸುಳ್ಳ! ಟಾಮ್ ನಾನೇ. ನನ್ನನ್ನ ನಿಮ್ಮ ಖಜಾನೆಯವರ ಹತ್ರ ಕರ್ಕೊಂಡು ಹೋಗಿ!"

ನೇಣಿಗಾಗಿ ಜಗಳವಾಡುವ ಇಬ್ಬರನ್ನು ಕ್ಯಾಪ್ಟನ್ ಹಿಂದೆಂದೂ ನೋಡಿರಲಿಕ್ಕಿಲ್ಲ. ಮೂಗು ಒರೆಸಿಕೊಂಡು ಯೋಚಿಸಿ, ಜಪ್ತಿ ಮಾಡಿದ ಭಟ್ಟಿಯ ಹಂಡೆಯೊಂದನ್ನು ಅಂಗಳದ ತುದಿಯಲ್ಲಿ ಇಡಿಸಿದ. ಸಿಪಾಯಿಯ ಬಂದೂಕು ಫರ್ಗಸ್‌ನ ಕೈಗೆ ಕೊಡಿಸಿ, "ಟಾಮ್ ಆದ್ರೆ ಹೊಡಿ," ಎಂದ.

ಫರ್ಗಸ್ ಬಂದೂಕು ಎತ್ತಿದ. ಮಳೆ ನಿಂತು ಸಣ್ಣ ಬಿಸಿಲು ಬಂದಿತ್ತು, ಹಂಡೆ ಹೊಳೆಯುತ್ತಿತ್ತು. ಅದು ಅವನೇ ಬಡಿದ ಹಂಡೆ, ಕತ್ತಿನ ಹತ್ತಿರ ಅವನ ಮುದ್ರೆ ಇತ್ತು. ಅವನು ಗುರಿ ಹಿಡಿದ, ಇಳಿಸಿದ, ಮತ್ತೆ ಹಿಡಿದ. ಹೊಡೆದರೆ ಫಿಲಡೆಲ್ಫಿಯಾ, ಅಲ್ಲಿ ನೇಣು; ಹೊಡೆಯದಿದ್ದರೆ ಮನೆ.

"ಒಳ್ಳೇ ತಾಮ್ರ ಸಾರ್," ಎಂದ ಕೊನೆಗೆ, ಬಂದೂಕು ಕೆಳಗಿಳಿಸಿ. "ಬೇರೆ ಏನಾದ್ರೂ ಇಡಿಸಿ. ಮರದ ಪೀಪಾಯಿ ಇಡಿಸಿ, ಹೊಡೀತೀನಿ."

ಗ್ಯಾವಿನ್ ಅವನ ಕೈಯಿಂದ ಬಂದೂಕು ತೆಗೆದುಕೊಂಡು, ನಿಂತ ನಿಲುವಿನಲ್ಲೇ ಹೊಡೆದ. ಹಂಡೆ ಗಂಟೆಯ ಹಾಗೆ ಮೊಳಗಿ ಉರುಳಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಿಪಾಯಿಗಳು ನಕ್ಕರು, ಕ್ಯಾಪ್ಟನ್ ಸೀನಿದ, ನನ್ನ ಗಂಡ ಹಂಡೆಯ ಹತ್ತಿರ ಹೋಗಿ ಮಂಡಿಯೂರಿ ಕೂತು ತೂತಿಗೆ ಬೆರಳು ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಕ್ಯಾಪ್ಟನ್ ಅವನನ್ನು ಆಗಲೇ ಬಿಡುಗಡೆ ಮಾಡಿದ.

ಗ್ಯಾವಿನ್ ನಿಜವಾಗಿ ಟಾಮ್ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಊರಿಗೆ ಮಾತ್ರ ಅವನೇ ಆದ. ಬೆಂಚು ಬಿಟ್ಟುಕೊಟ್ಟವರು ಅದನ್ನು ಗ್ಯಾವಿನ್‌ಗೆ ಕೊಟ್ಟರು. ಫರ್ಗಸ್ ತನ್ನ ಜೀವ ಉಳಿಸಿದವನಿಗೆ ಒಂದು ಕೃತಜ್ಞತೆಯ ಮಾತು ಹೇಳಲಿಲ್ಲ. "ನನ್ನ ನೇಣನ್ನೂ ಕಿತ್ಕೊಂಡ," ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದ. ಆ ಚಳಿಗಾಲದಲ್ಲೇ ಖಜಾನೆಯವ ಕೆಲಸ ಬಿಟ್ಟು ವಕೀಲಿಗೆ ಮರಳಿದ ಸುದ್ದಿ ಬಂತು. "ನಾನು ಬರ್ತೀನಿ ಅಂತ ಹೆದರಿದ," ಎಂದು ಒಂದು ದಿನ ಖುಷಿಯಾಗಿದ್ದ. ಅಷ್ಟೇ. ಕೆಲವು ವರ್ಷಕ್ಕೆ ವಿಸ್ಕಿ ತೆರಿಗೆಯೂ ಹೋಯಿತು. ನಮ್ಮಿಬ್ಬರ ತಲೆಯೂ ನರೆಯಿತು.

ಆಮೇಲೊಂದು ಬೇಸಿಗೆಯಲ್ಲಿ ಉಪ್ಪು ತರಲು ಬೆಟ್ಟದಾಚೆ ಹೋಗಿದ್ದ ಸವಾರ ಕೊಟ್ಟಿಗೆಯ ಮುಂದೆ ಕುದುರೆ ನಿಲ್ಲಿಸಿ, "ಫರ್ಗಸ್, ನಿನ್ನ ಖಜಾನೆಯವ ಹೋದ," ಎಂದ. "ಬೆಳಗಿನ ಹೊತ್ತು ನದೀ ದಂಡೇಲಿ ಇಬ್ಬರೂ ಎದುರುಬದುರು ನಿಂತು ಪಿಸ್ತೂಲಿನ ಕಾಳಗ. ಹೊಡೆದೋನು ಯಾರು ಗೊತ್ತಾ? ದೇಶದ ಉಪಾಧ್ಯಕ್ಷ!"

"ಯಾಕಂತೆ?"

"ಯಾಕೇನು, ಹಳೇ ಹೊಟ್ಟೆಕಿಚ್ಚಂತೆ."

ಫರ್ಗಸ್ ಸುತ್ತಿಗೆ ಕೆಳಗಿಟ್ಟ. ಮೂರು ದಿನ ಎತ್ತಲಿಲ್ಲ. ಗಂಜಿ ಮುಟ್ಟಲಿಲ್ಲ. ಶತ್ರು ಸತ್ತರೆ ಹಬ್ಬ ಮಾಡುತ್ತಾನೆ ಎಂದುಕೊಂಡಿದ್ದ ನನಗೆ ದಿಗಿಲಾಯಿತು.

"ಸತ್ತೂ ನನ್ನನ್ನ ಸೋಲಿಸಿದ ಕಣೇ," ಎಂದ ಮೂರನೇ ದಿನ, ಗೋಡೆಗೆ ಮುಖ ಮಾಡಿ. "ಅವನ ಮೇಲೆ ಹೊಟ್ಟೆಕಿಚ್ಚು ಪಡೋಕೆ ಉಪಾಧ್ಯಕ್ಷನೇ ಬಂದ. ನನ್ನ ನೋಡಿ ಈ ಭೂಮಿ ಮೇಲೆ ಒಬ್ಬ, ಒಂದು ನಾಯಿ ಆದ್ರೂ ಹೊಟ್ಟೆ ಉರ್ಕೊಂಡಿದೆಯಾ? ಯಾಕೆ ಬದುಕಿದ್ದೆ ನಾನು?"

ಸಾಯಲು ಹೊರಟವನಿಗೆ ಏನು ಔಷಧಿ ಕೊಡುವುದು? ಹೇಳಬೇಡ ಎಂದಿದ್ದ ನನ್ನ ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಹೇಳಿಬಿಟ್ಟೆ.

"ಗ್ಯಾವಿನ್ ಉರ್ಕೊಂಡಿದಾನೆ."

"ಏನ್ ನೋಡಿ?"

"ನನ್ನ ನೋಡಿ. ನೀನು ಕೆಟಲ್ ತಂದ ವಾರ ಅವನೂ ಬಂದಿದ್ದ. ಅವನಿಗೆ ಇಲ್ಲ ಅಂದ್ರು."

ಫರ್ಗಸ್ ಎದ್ದು ಕೂತ. "ಅವತ್ತಿಂದಾನಾ?"

"ಅವತ್ತಿಂದ."

"ಈಗಲೂ?"

"ಮದುವೆಯಾಗ್ಲಿಲ್ವಲ್ಲ. ಈಗಲೂ ಇರ್ಬೇಕು."

"ತುಂಬಾನಾ? ಎಷ್ಟು ಅಂದ?"

"ನೀನು ಖಜಾನೆಯವನ ಮೇಲೆ ಪಟ್ಟಿದ್ದಕ್ಕಿಂತ ಜಾಸ್ತಿ ಅಂದ."

ಅವನ ಮುಖದ ಮೇಲೆ ಬಂದ ಬೆಳಕನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಗಂಜಿ ಕೇಳಿದ, ಎರಡು ಬಟ್ಟಲು ಕುಡಿದ. ಕ್ಷೌರ ಮಾಡಿಕೊಂಡ. ಭಾನುವಾರದ ಕೋಟು ಹಾಕಿಕೊಂಡು, ನನಗೆ ನೀಲಿ ಲಂಗ ತೊಡಲು ಹೇಳಿ, ನನ್ನ ಕೈ ಹಿಡಿದುಕೊಂಡು ಹೊರಟ. ಕೈ ಹಿಡಿದು ನಡೆದು ಎಷ್ಟು ವರ್ಷವಾಗಿತ್ತೋ, ನನ್ನ ಎದೆ ಹುಡುಗಿಯದರ ಹಾಗೆ ಹೊಡೆದುಕೊಂಡಿತು. ಗ್ಯಾವಿನ್‌ನ ಬೇಲಿಯುದ್ದಕ್ಕೂ ನಿಧಾನವಾಗಿ, ಹೆಜ್ಜೆ ಎಣಿಸುವವನ ಹಾಗೆ ನಡೆಸಿದ. ಗ್ಯಾವಿನ್ ಬಾಗಿಲಿಗೆ ಬಂದು, ನನ್ನನ್ನು ಕಂಡು, ಟೋಪಿ ತೆಗೆದ.

ನಾನು ಗಂಡನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಿಯೂ ಇರಲಿಲ್ಲ. ಕಣ್ಣು ತುಂಬ, ಬಾಯಿ ಅರೆ ತೆರೆದು, ಗ್ಯಾವಿನ್‌ನನ್ನೇ ನೋಡುತ್ತಿದ್ದ. ನನ್ನನ್ನು ಹಾಗೆ ಅವನು ಒಂದು ದಿನವೂ ನೋಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಗ್ಯಾವಿನ್ ಪರ್ಡಿಯ ಮೇಲೆ ಹೊಟ್ಟೆಕಿಚ್ಚಾಯಿತು.

"ಉರ್ಕೊಂಡ್ನೇನೇ ಟಿಬ್ಬಿ?" ಎಂದು ಪಿಸುಗುಟ್ಟಿದ ಫರ್ಗಸ್. "ಚೆನ್ನಾಗಿ ಉರ್ಕೊಂಡ್ನಾ?"

"ಉರ್ಕೊಂಡ," ಎಂದೆ. "ನಡಿ, ಮನೆಗೆ ಹೋಗೋಣ."